ಹೊಸ ಉದ್ಯಮಕ್ಕೆ ಸಾರ್ವಜನಿಕ ಧನ: ನಷ್ಟದ ಹೊಣೆ ಯಾರದು?

ಹೊಸದಾಗಿ ಅಂಗಡಿಯನ್ನೋ ಕಾರ್ಖಾನೆಯನ್ನೋ ತೆರೆಯುವವನಿಗೆ ಮೊದಲ ಬಂಡವಾಳವು ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ವಾಣಿಜ್ಯದಷ್ಟೇ ಹಳೆಯದು. ನಮ್ಮ ಹಿರಿಯರ ಕಾಲದಲ್ಲಿ ಇದಕ್ಕೆ ದೊರೆಯುತ್ತಿದ್ದ ಉತ್ತರ ಸರಳವಾಗಿತ್ತು. ತಂದೆಯ ಉಳಿತಾಯ, ಸೋದರಮಾವನ ಜಾಮೀನು, ಸಗಟು ವ್ಯಾಪಾರಿಯ ಉದ್ರಿ, ಊರ ಸಾಹುಕಾರನ ಬಡ್ಡಿಸಾಲ, ಇವುಗಳಲ್ಲಿ ಒಂದೆರಡು ಕೂಡಿ ಬಂದರೆ ವ್ಯಾಪಾರ ಆರಂಭವಾಗುತ್ತಿತ್ತು. ವರ್ತಕ ಕುಟುಂಬದಲ್ಲಿ ಹುಟ್ಟಿದವನಿಗೆ ಇದು ಕೇಳದೆಯೇ ದೊರೆಯುವ ಅನುಕೂಲ. ಆದರೆ ಅಂತಹ ಕುಟುಂಬವಿಲ್ಲದ, ಆಸ್ತಿಯಿಲ್ಲದ, ಕೈಯ ಕೌಶಲವನ್ನೋ ಕಲಿತ ವಿದ್ಯೆಯನ್ನೋ ಮಾತ್ರ ನಂಬಿದ ವ್ಯಕ್ತಿಗೆ ಯಾರು ಹಣ ಕೊಡಬೇಕು? ಈ ಪ್ರಶ್ನೆಯ ಎದುರಿನಲ್ಲಿಯೇ ರಾಜ್ಯದ ಪ್ರವೇಶವಾಗುತ್ತದೆ.

2016ರ ಜನವರಿ 16ರಂದು ಕೇಂದ್ರ ಸರ್ಕಾರವು ‘ಸ್ಟಾರ್ಟ್‌ಅಪ್ ಇಂಡಿಯಾ’ ಎಂಬ ಕಾರ್ಯಕ್ರಮಕ್ಕೆ ಚಾಲನೆ ನೀಡಿತು. ಅಂದಿನಿಂದ ಆ ಶಬ್ದವು ನಮ್ಮ ಮನೆಗಳಲ್ಲಿಯೂ ಬಳಕೆಗೆ ಬಂದಿದೆ. ಎಂಜಿನಿಯರಿಂಗ್ ಮುಗಿಸಿದ ಮಗನೋ ಮಗಳೋ ಸಂಬಳದ ಕೆಲಸವನ್ನು ಬಿಟ್ಟು ಸ್ವಂತ ಉದ್ಯಮಕ್ಕೆ ಇಳಿಯುವುದಾಗಿ ಹೇಳಿ, “ಸರ್ಕಾರವೇ ಹಣ ಕೊಡುತ್ತದೆ” ಎಂದು ಧೈರ್ಯ ತುಂಬುವುದನ್ನು ಅನೇಕ ತಂದೆತಾಯಿಗಳು ಕೇಳಿರಬಹುದು. ಸರ್ಕಾರದ ಹಣವೆಂದರೆ ಯಾರ ಹಣ? ಅದು ದಾನವೋ, ಸಾಲವೋ, ಪಾಲೋ? ಉದ್ಯಮವು ಮುಳುಗಿದರೆ ಆ ನಷ್ಟವನ್ನು ಯಾರ ಖಾತೆಗೆ ಖರ್ಚು ಬರೆಯಬೇಕು? ಈ ಪ್ರಶ್ನೆಗಳು 2016ರಲ್ಲಿ ಹುಟ್ಟಿದವಲ್ಲ. ನೂರು ವರ್ಷಗಳಿಗೂ ಹಿಂದೆ ಮದರಾಸಿನಲ್ಲಿಯೂ ಮೈಸೂರಿನಲ್ಲಿಯೂ ಇವು ಎದ್ದಿದ್ದವು. ಆ ಇತಿಹಾಸವನ್ನು ನಷ್ಟದ ಹೊಣೆಯೆಂಬ ಒಂದೇ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮದರಾಸಿನ ಪಾಠ

ಮದರಾಸಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಆಲ್ಫ್ರೆಡ್ ಚಾಟರ್ಟನ್ ಎಂಬ ಆಂಗ್ಲರು 1898ರಲ್ಲಿ ಅಲ್ಲಿನ ಕಲಾಶಾಲೆಯಲ್ಲಿ ಅಲ್ಯೂಮಿನಿಯಂ ಪಾತ್ರೆಗಳನ್ನು ತಯಾರಿಸುವ ಪ್ರಯೋಗವನ್ನು ಆರಂಭಿಸಿದರು. ಹಿತ್ತಾಳೆ ತಾಮ್ರಗಳ ನಾಡಿನಲ್ಲಿ ಅದು ಹೊಸ ಲೋಹ. ಲಾಭ ಬರುವುದೋ ಇಲ್ಲವೋ ಎಂಬುದು ಯಾರಿಗೂ ತಿಳಿದಿರಲಿಲ್ಲ. ಆದುದರಿಂದ ಖಾಸಗಿ ಬಂಡವಾಳಗಾರರು ಮುಂದೆ ಬರಲಿಲ್ಲ. ಸರ್ಕಾರದ ಖರ್ಚಿನಲ್ಲಿ ನಡೆದ ಆ ಪ್ರಯೋಗವು ಯಶಸ್ವಿಯಾಯಿತು. 1903ರಲ್ಲಿ ಆ ಉದ್ಯಮವನ್ನು ಒಂದು ಖಾಸಗಿ ಕಂಪನಿಗೆ ಮಾರಿ ಸರ್ಕಾರವು ಹೊರಬಂದಿತು. ಅನಂತರ ಕ್ರೋಮ್ ವಿಧಾನದಿಂದ ಚರ್ಮ ಹದಗೊಳಿಸುವ ಕೆಲಸದಲ್ಲಿಯೂ ಇದೇ ಬಗೆಯ ಪ್ರಯತ್ನ ನಡೆಯಿತು.

ಇದರಲ್ಲಿ ಅಡಗಿರುವ ತತ್ತ್ವವು ಗಮನಾರ್ಹವಾದುದು. ಹೊಸ ಉದ್ಯಮದ ಅತಿ ಅಪಾಯದ ಘಟ್ಟ ಅದರ ಮೊದಲ ಕೆಲವು ವರ್ಷಗಳು. ಆ ಅವಧಿಯ ನಷ್ಟಭಯವನ್ನು ಸಾರ್ವಜನಿಕ ಬೊಕ್ಕಸವು ಹೊತ್ತು, ದಾರಿ ಸ್ಪಷ್ಟವಾದ ಮೇಲೆ ಅದನ್ನು ವರ್ತಕರ ಕೈಗೆ ಒಪ್ಪಿಸುವುದು ಚಾಟರ್ಟನ್ನರ ಕ್ರಮವಾಗಿತ್ತು.

ಆದರೆ ಮದರಾಸಿನ ಐರೋಪ್ಯ ವರ್ತಕರು ಇದನ್ನು ವಿರೋಧಿಸಿದರು. ತೆರಿಗೆಯ ಹಣದಿಂದ ಸರ್ಕಾರವೇ ವ್ಯಾಪಾರಕ್ಕೆ ಇಳಿದರೆ ತಮ್ಮ ಗತಿಯೇನೆಂಬುದು ಅವರ ದೂರು. 1910ರ ಜುಲೈ ತಿಂಗಳಿನಲ್ಲಿ ಭಾರತ ಸಚಿವ ಲಾರ್ಡ್ ಮಾರ್ಲೆಯವರು ತಮ್ಮ ನಿರ್ಣಯವನ್ನು ಕಳುಹಿಸಿದರು. ಹೊಸ ವಿಧಾನಗಳನ್ನು ಜನರಿಗೆ ಕಲಿಸಲು ಸರ್ಕಾರವು ಹಣ ವ್ಯಯಿಸಬಹುದು. ಅವು ಲಾಭದಾಯಕವೆಂದು ತೋರಿಸಿಕೊಡುವ ಕೆಲಸ ಖಾಸಗಿಯವರದು ಎಂಬುದು ಅದರ ತಾತ್ಪರ್ಯ. ಕಲಿಸುವುದಕ್ಕೂ ಮಾಡಿ ತೋರಿಸುವುದಕ್ಕೂ ನಡುವೆ ಎಳೆದ ಈ ಗೆರೆಯಿಂದ ಮದರಾಸಿನ ಪ್ರಯೋಗಗಳು ಕುಂಠಿತವಾದವು. 1912ರಲ್ಲಿ ಚಾಟರ್ಟನ್ನರು ಮೈಸೂರು ಸಂಸ್ಥಾನದ ಸೇವೆಗೆ ಬಂದರು.

ಮೈಸೂರು ಹೊತ್ತ ಭಾರ

ಮೈಸೂರಿನಲ್ಲಿ ಆಗ ನೆಲ ಹದವಾಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1911ರ ಜೂನ್ ತಿಂಗಳಲ್ಲಿ ಮೈಸೂರು ಆರ್ಥಿಕ ಸಮ್ಮೇಳನವು ಉದ್ಘಾಟನೆಗೊಂಡಿತ್ತು. ಕೃಷಿ, ಶಿಕ್ಷಣ, ಕೈಗಾರಿಕೆ ಹಾಗೂ ವಾಣಿಜ್ಯ ಎಂಬ ಮೂರು ವಿಷಯಗಳಿಗೆ ಪ್ರತ್ಯೇಕ ಸಮಿತಿಗಳಿದ್ದವು. ಇದರ ಹಿಂದಿನ ಪ್ರೇರಣೆ ಆಗ ಮುಖ್ಯ ಎಂಜಿನಿಯರರಾಗಿದ್ದು 1912ರ ನವೆಂಬರಿನಲ್ಲಿ ದಿವಾನರಾದ ವಿಶ್ವೇಶ್ವರಯ್ಯನವರದು. ಸಂಸ್ಥಾನದ ಪ್ರೋತ್ಸಾಹದಿಂದ 1913ರ ಅಕ್ಟೋಬರ್ 2ರಂದು ಮೈಸೂರು ಬ್ಯಾಂಕು ತನ್ನ ವ್ಯವಹಾರವನ್ನು ಆರಂಭಿಸಿತು. (1960ರಲ್ಲಿ ಅದು ಸ್ಟೇಟ್ ಬ್ಯಾಂಕಿನ ಅಂಗಸಂಸ್ಥೆಯಾಯಿತು, 2017ರ ಏಪ್ರಿಲ್ 1ರಂದು ಅದರಲ್ಲಿಯೇ ವಿಲೀನವಾಯಿತು.) 1913ರಲ್ಲಿಯೇ ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆ ರೂಪುಗೊಂಡಿತು. 1916ರಲ್ಲಿ ವರ್ತಕರ ಸಂಘಟನೆಯಾಗಿ ಮೈಸೂರು ವಾಣಿಜ್ಯ ಮಂಡಳಿ ಹುಟ್ಟಿತು. ಬ್ಯಾಂಕು, ಇಲಾಖೆ, ವರ್ತಕ ಮಂಡಳಿ, ಇವು ಮೂರನ್ನೂ ನಾಲ್ಕು ವರ್ಷಗಳೊಳಗೆ ಕಟ್ಟಿದ ಈ ಕ್ರಮದಲ್ಲಿ ದೂರದೃಷ್ಟಿಯಿದೆ. ಸಾಲ ಕೊಡುವವನು, ತಾಂತ್ರಿಕ ಸಲಹೆ ನೀಡುವವನು, ಮಾರುಕಟ್ಟೆಯನ್ನು ಬಲ್ಲವನು, ಈ ಮೂವರೂ ಇಲ್ಲದೆ ಹೊಸ ಉದ್ಯಮವು ನಿಲ್ಲಲಾರದೆಂಬ ತಿಳಿವಳಿಕೆ ಅದು.

ಶ್ರೀಗಂಧದ ಕಥೆ ನಮಗೆಲ್ಲ ಪರಿಚಿತವಾದರೂ ಇಲ್ಲಿ ಮತ್ತೆ ನೆನೆಯುವುದು ಉಚಿತ. ಮೈಸೂರಿನ ಗಂಧದ ಮರವು ಹರಾಜಾಗಿ ಬಹುಪಾಲು ಜರ್ಮನಿಗೆ ಹೋಗುತ್ತಿತ್ತು. ಎಣ್ಣೆ ತೆಗೆಯುವ ಕೆಲಸ ಅಲ್ಲಿ ನಡೆಯುತ್ತಿತ್ತು. 1914ರಲ್ಲಿ ಮಹಾಯುದ್ಧ ಆರಂಭವಾಗಲು ಈ ವ್ಯಾಪಾರವು ನಿಂತು ಮರವು ದಾಸ್ತಾನಿನಲ್ಲಿ ಉಳಿಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಎಂಬ ವಿಜ್ಞಾನಿಗಳು ಎಣ್ಣೆ ಬಟ್ಟಿ ಇಳಿಸುವ ವಿಧಾನವನ್ನು ಸಿದ್ಧಪಡಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ, 1917ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆಗಳು ಆರಂಭವಾದವು. 1918ರಲ್ಲಿ ಸಾಬೂನು ಕಾರ್ಖಾನೆ ಬಂದಿತು. ವಿಜ್ಞಾನಿಯ ಪ್ರಯೋಗಾಲಯದಿಂದ ಮಾರುಕಟ್ಟೆಯವರೆಗಿನ ದಾರಿಯನ್ನು ಸರ್ಕಾರವೇ ಕಟ್ಟಿಕೊಟ್ಟ ಉದಾಹರಣೆ ಇದು. ಇಂದು ‘ಇನ್‌ಕ್ಯುಬೇಷನ್ ಕೇಂದ್ರ’ವೆಂದು ಕರೆಯುವ ವ್ಯವಸ್ಥೆಯ ಕೆಲಸವೂ ಇದೇ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಅನುಭವ ಇಷ್ಟು ಸುಲಭದ್ದಾಗಿರಲಿಲ್ಲ. 1918ರಲ್ಲಿ ಕೈಗೊಂಡ ಆ ಕೆಲಸದಿಂದ ಕಬ್ಬಿಣವು ಹೊರಬಂದದ್ದು 1923ರಲ್ಲಿ. ಯುದ್ಧದ ಕಾಲದ ಬೆಲೆಯನ್ನು ನೋಡಿ ಹಾಕಿದ ಲೆಕ್ಕವು ಯುದ್ಧಾನಂತರದ ಬೆಲೆಕುಸಿತದಲ್ಲಿ ತಪ್ಪಿತು. ಸಂಸ್ಥಾನದ ಬೊಕ್ಕಸಕ್ಕೆ ಭಾರವಾಯಿತೆಂಬ ಟೀಕೆ ಬಲವಾಗಿ ಕೇಳಿಬಂದಿತು. ದಿವಾನಗಿರಿಯಿಂದ ನಿವೃತ್ತರಾಗಿದ್ದ ವಿಶ್ವೇಶ್ವರಯ್ಯನವರೇ 1923ರಿಂದ ಆಡಳಿತ ಮಂಡಳಿಯ ಅಧ್ಯಕ್ಷತೆಯನ್ನು ವಹಿಸಿಕೊಂಡು ಕಾರ್ಖಾನೆಯನ್ನು ಸರಿದಾರಿಗೆ ತರಲು ಶ್ರಮಿಸಿದರು. ಯೋಜನೆಯನ್ನು ಪ್ರಾರಂಭಿಸಿದ ವ್ಯಕ್ತಿಯೇ ನಷ್ಟದ ಕಾಲದಲ್ಲಿ ಬಂದು ಅದರ ಮುಂದೆ ನಿಲ್ಲುವುದು ಸಾರ್ವಜನಿಕ ಜೀವನದಲ್ಲಿ ವಿರಳ.

ಈ ಮೊದಲ ಘಟ್ಟದಲ್ಲಿ ನಷ್ಟದ ಹೊಣೆ ನೇರವಾಗಿ ರಾಜ್ಯದ್ದು. ರಾಜ್ಯವೇ ಮಾಲೀಕನಾದುದರಿಂದ ಲಾಭವೂ ನಷ್ಟವೂ ಅದರ ಖಾತೆಗೇ ಸೇರುತ್ತಿದ್ದವು.

ಅಡವಿನ ಯುಗ

ಇತ್ತ ಬ್ರಿಟಿಷ್ ಭಾರತದಲ್ಲಿಯೂ ಯುದ್ಧವು ಆಲೋಚನೆಯನ್ನು ಬದಲಿಸಿತು. ಥಾಮಸ್ ಹಾಲೆಂಡ್ ಅವರ ಅಧ್ಯಕ್ಷತೆಯ ಭಾರತೀಯ ಕೈಗಾರಿಕಾ ಆಯೋಗವು 1916ರಿಂದ 1918ರವರೆಗೆ ಕೆಲಸ ಮಾಡಿತು. ಚಾಟರ್ಟನ್ನರೂ ಪಂಡಿತ ಮದನಮೋಹನ ಮಾಳವೀಯರೂ ಅದರ ಸದಸ್ಯರಾಗಿದ್ದರು. ಕೈಗಾರಿಕೆಗಳ ಬೆಳವಣಿಗೆಯಲ್ಲಿ ರಾಜ್ಯವು ಸಕ್ರಿಯ ಪಾತ್ರ ವಹಿಸಬೇಕೆಂದು ಆಯೋಗವು ಹೇಳಿತು. 1919ರ ಸುಧಾರಣೆಗಳಿಂದ ಕೈಗಾರಿಕೆಯು ಪ್ರಾಂತ್ಯಗಳ ವಿಷಯವಾಯಿತು. ಮದರಾಸು ಪ್ರಾಂತ್ಯವು ‘ಕೈಗಾರಿಕೆಗಳಿಗೆ ರಾಜ್ಯದ ನೆರವು’ ಎಂಬ 1922ರ ಕಾಯಿದೆಯನ್ನು ರಚಿಸಿತು. ದಕ್ಷಿಣ ಕನ್ನಡ, ಬಳ್ಳಾರಿ ಜಿಲ್ಲೆಗಳು ಆಗ ಆ ಪ್ರಾಂತ್ಯದಲ್ಲಿಯೇ ಇದ್ದುದರಿಂದ ಕನ್ನಡಿಗರಿಗೂ ಈ ಕಾಯಿದೆ ಅನ್ವಯಿಸುತ್ತಿತ್ತು. ಬಿಹಾರ-ಒರಿಸ್ಸಾ, ಪಂಜಾಬ್ ಮುಂತಾದ ಪ್ರಾಂತ್ಯಗಳೂ ಇಂತಹ ಕಾಯಿದೆಗಳನ್ನು ಮಾಡಿದವು.

ಮದರಾಸಿನ ಕಾಯಿದೆಯು ಹೊಸ ಉದ್ಯಮ, ಇನ್ನೂ ಅಂಕುರಾವಸ್ಥೆಯಲ್ಲಿರುವ ಉದ್ಯಮ, ಗೃಹಕೈಗಾರಿಕೆ ಇವುಗಳನ್ನು ನೆರವಿಗೆ ಅರ್ಹವೆಂದು ಹೆಸರಿಸಿತು. ಸಾಲ, ಬ್ಯಾಂಕಿನ ಸಾಲಕ್ಕೆ ಖಾತರಿ, ಷೇರು ಕೊಳ್ಳುವುದು, ಕಂತಿನ ಮೇಲೆ ಯಂತ್ರ ಒದಗಿಸುವುದು ಮೊದಲಾದ ನೆರವಿನ ವಿಧಗಳನ್ನು ಪಟ್ಟಿಮಾಡಿತು. ಇಂದಿನ ಯೋಜನೆಗಳ ಬೀಜರೂಪವೆಲ್ಲ ಅಲ್ಲಿದೆ. ಆದರೆ ಸಾಲದ ಮೊತ್ತವು ಉದ್ಯಮದ ಆಸ್ತಿಯ ನಿವ್ವಳ ಮೌಲ್ಯದ ಅರ್ಧವನ್ನು ಮೀರಬಾರದೆಂಬ ಮಿತಿಯೂ ಇದ್ದಿತು. ನೂರು ರೂಪಾಯಿಯ ಆಸ್ತಿ ಇದ್ದವನಿಗೆ ಐವತ್ತು ರೂಪಾಯಿ. ಆಸ್ತಿಯೇ ಇಲ್ಲದವನಿಗೆ ಸೊನ್ನೆ. ಅಂಕುರಕ್ಕೆ ನೀರೆರೆಯುವ ಕಾಯಿದೆಯು ಮರದ ಬುಡವನ್ನು ಅಳೆದು ನೀರು ಕೊಟ್ಟಂತಾಯಿತು.

ಮೈಸೂರು ಈ ನಡುವೆ ಮೂರನೆಯ ದಾರಿಯೊಂದನ್ನು ಹಿಡಿಯಿತು. ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದ 1926ರಿಂದ 1941ರ ಅವಧಿಯಲ್ಲಿ ಸಂಸ್ಥಾನವು ಖಾಸಗಿಯವರೊಡನೆ ಸೇರಿ ಕಂಪನಿಗಳಲ್ಲಿ ಪಾಲು ಹಾಕಿತು. ಮಂಡ್ಯದ ಸಕ್ಕರೆ ಕಾರ್ಖಾನೆ, 1936ರ ಮೈಸೂರು ಕಾಗದ ಕಾರ್ಖಾನೆ ಇವು ಈ ಕಾಲದವು. 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿಯು ನೋಂದಣಿಯಾಯಿತು. ಅದರ ಪ್ರವರ್ತಕ ವಾಲಚಂದ್ ಹೀರಾಚಂದರು ಸೊಲ್ಲಾಪುರದ ಜೈನ ವರ್ತಕ ಮನೆತನದವರು. ದೇಶದಲ್ಲಿ ಅದುವರೆಗೆ ಯಾರೂ ಕೈಹಾಕದ ವಿಮಾನ ತಯಾರಿಕೆಯ ಸಾಹಸಕ್ಕೆ ಮೈಸೂರು ಸರ್ಕಾರವು ರೂ. 25 ಲಕ್ಷ ಬಂಡವಾಳವನ್ನೂ ಸುಮಾರು 700 ಎಕರೆ ಭೂಮಿಯನ್ನೂ ನೀಡಿತು. 1941ರಲ್ಲಿ ಭಾರತ ಸರ್ಕಾರವೂ ಪಾಲುದಾರನಾಗಿ, 1942ರಲ್ಲಿ ಯುದ್ಧದ ಕಾರಣದಿಂದ ಆಡಳಿತವನ್ನು ವಹಿಸಿಕೊಂಡಿತು. ಸಾಲಿಗನಿಗೂ ಪಾಲುದಾರನಿಗೂ ಇರುವ ವ್ಯತ್ಯಾಸವನ್ನು ವರ್ತಕರು ಬಲ್ಲರು. ಸಾಲಿಗನು ಅಸಲು ಬಡ್ಡಿಗಳನ್ನು ಕೇಳುತ್ತಾನೆ. ಪಾಲುದಾರನು ನಷ್ಟದಲ್ಲಿಯೂ ತನ್ನ ಪಾಲನ್ನು ಹೊರುತ್ತಾನೆ.

ಆದರೆ ರಾಜ್ಯವು ಪಾಲುದಾರನಾದ ಕಡೆ ಇನ್ನೊಂದು ದೋಷ ಕಾಲಕ್ರಮದಲ್ಲಿ ಕಂಡಿತು. ಉದ್ಯಮವನ್ನು ಹುಟ್ಟಿಸುವುದನ್ನು ಅದು ಬಲ್ಲುದಾಗಿತ್ತು. ಯಾವಾಗ ಬಿಟ್ಟುಕೊಡಬೇಕೆಂಬುದನ್ನು ಅರಿತಿರಲಿಲ್ಲ. 1903ರಲ್ಲಿ ಮದರಾಸು ಅಲ್ಯೂಮಿನಿಯಂ ಉದ್ಯಮವನ್ನು ಕೈಬಿಟ್ಟ ರೀತಿಯ ನಿರ್ಗಮನವು ಮುಂದೆ ಅಪರೂಪವಾಯಿತು. ಭದ್ರಾವತಿಯ ಕಾಗದ ಕಾರ್ಖಾನೆಯಲ್ಲಿ 2010ರ ದಶಕದಲ್ಲಿ ಉತ್ಪಾದನೆಯೇ ನಿಂತುದನ್ನು ನಾವು ಕಂಡೆವು. ಒಂದು ಊರನ್ನು ಕಟ್ಟಿದ ಕಾರ್ಖಾನೆ ಹೀಗೆ ಮೌನವಾದಾಗ ನಷ್ಟವು ಬೊಕ್ಕಸದಲ್ಲಿ ಮಾತ್ರ ಉಳಿಯುವುದಿಲ್ಲ. ಕಾರ್ಮಿಕರ ಮನೆಗಳಿಗೂ ಹಂಚಿಹೋಗುತ್ತದೆ.

ಸ್ವಾತಂತ್ರ್ಯಾನಂತರದ ಸಂಸ್ಥೆಗಳು

1948ರ ಜುಲೈ 1ರಂದು ಭಾರತ ಕೈಗಾರಿಕಾ ಹಣಕಾಸು ನಿಗಮವು ಸ್ಥಾಪನೆಯಾಯಿತು. ಅದು ದೊಡ್ಡ ಉದ್ಯಮಗಳಿಗಾಗಿ. ಮಧ್ಯಮ ಮತ್ತು ಸಣ್ಣ ಉದ್ಯಮಗಳಿಗಾಗಿ ಸಂಸತ್ತು 1951ರಲ್ಲಿ ರಾಜ್ಯ ಹಣಕಾಸು ಸಂಸ್ಥೆಗಳ ಕಾಯಿದೆಯನ್ನು ಅಂಗೀಕರಿಸಿತು. ಅದರಂತೆ 1959ರಲ್ಲಿ ನಮ್ಮಲ್ಲಿ ಹುಟ್ಟಿದ ಸಂಸ್ಥೆಯೇ ಈಗಿನ ಕರ್ನಾಟಕ ರಾಜ್ಯ ಹಣಕಾಸು ಸಂಸ್ಥೆ. 1955ರಲ್ಲಿ ಆರಂಭವಾದ ರಾಷ್ಟ್ರೀಯ ಸಣ್ಣ ಕೈಗಾರಿಕೆಗಳ ನಿಗಮವು ಕಂತಿನ ಮೇಲೆ ಯಂತ್ರಗಳನ್ನು ಒದಗಿಸಿತು. 1960ರಲ್ಲಿ ರಾಜ್ಯದ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ನಿಗಮ, 1966ರ ಕಾಯಿದೆಯಿಂದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಬಂದವು. ರಾಜಾಜಿನಗರ, ಪೀಣ್ಯಗಳ ಶೆಡ್ಡುಗಳಲ್ಲಿ ಲೇತ್ ಯಂತ್ರವೊಂದನ್ನು ಹಾಕಿಕೊಂಡು ಜೀವನ ಕಟ್ಟಿಕೊಂಡವರು ಅನೇಕರು. ಶೆಡ್ಡು, ವಿದ್ಯುತ್ತು, ಕಂತಿನ ಯಂತ್ರ, ಈ ಮೂರು ದೊರೆತರೆ ಕೈಯಲ್ಲಿರುವ ಅಲ್ಪ ಹಣವು ಕಚ್ಚಾಮಾಲಿಗೂ ಕೂಲಿಗೂ ಉಳಿಯುತ್ತದೆ. ನಗದಿನ ನೆರವಿಗಿಂತ ಇದು ಅನೇಕರಿಗೆ ಹೆಚ್ಚಿನ ಉಪಕಾರವಾಯಿತು.

ಆದರೆ ಹಣಕಾಸು ಸಂಸ್ಥೆಯ ಸಾಲವು ಅಡವಿನ ಸಾಲವೇ. 1951ರ ಕಾಯಿದೆಯ 29ನೆಯ ಕಲಮು ಅತ್ಯಂತ ಬಲವಾದುದು. ಸಾಲ ಮರುಪಾವತಿಯಾಗದಿದ್ದರೆ ನ್ಯಾಯಾಲಯಕ್ಕೆ ಹೋಗದೆಯೇ ಕಾರ್ಖಾನೆಯನ್ನು ವಶಪಡಿಸಿಕೊಂಡು ಮಾರುವ ಅಧಿಕಾರವನ್ನು ಅದು ಸಂಸ್ಥೆಗೆ ನೀಡುತ್ತದೆ. ಸಾರ್ವಜನಿಕ ಹಣವನ್ನು ಕಾಪಾಡಲು ಇಂತಹ ಬಲ ಬೇಕೆಂಬ ವಾದವನ್ನು ಅಲ್ಲಗಳೆಯಲಾಗದು. ಆದರೆ ಈ ಬಲವು ಜಾಮೀನುದಾರನವರೆಗೂ ಚಾಚಬಹುದೇ? ಗೆಳೆಯನಿಗಾಗಿಯೋ ಬಂಧುವಿಗಾಗಿಯೋ ಸಹಿ ಹಾಕಿದವನ ಮನೆಯನ್ನು ಇದೇ ಕಲಮಿನಿಂದ ಹರಾಜು ಹಾಕಬಹುದೇ? ನಮ್ಮ ರಾಜ್ಯದ ಹಣಕಾಸು ಸಂಸ್ಥೆ ಮತ್ತು ಎನ್. ನರಸಿಂಹಯ್ಯ ಎಂಬವರ ನಡುವಿನ ಮೊಕದ್ದಮೆಯಲ್ಲಿ 2008ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದಕ್ಕೆ ಉತ್ತರ ನೀಡಿತು. 29ನೆಯ ಕಲಮಿನ ಅಧಿಕಾರವು ಸಾಲ ಪಡೆದ ಉದ್ಯಮದ ಆಸ್ತಿಗೆ ಸೀಮಿತ. ಜಾಮೀನುದಾರನ ಆಸ್ತಿಯ ಮೇಲೆ ಅದನ್ನು ಚಲಾಯಿಸಲಾಗದು. ಅವನ ವಿಷಯದಲ್ಲಿ ಕಾಯಿದೆಯ ಇತರ ಮಾರ್ಗಗಳನ್ನೇ ಅನುಸರಿಸಬೇಕು ಎಂದು ಅದು ತೀರ್ಪಿತ್ತಿತು. ಜಾಮೀನುದಾರನ ಹೊಣೆಯೇ ಇಲ್ಲವೆಂದು ಇದರ ಅರ್ಥವಲ್ಲ. ಅವನ ಹೊಣೆ ಉಳಿಯುತ್ತದೆ, ವಸೂಲಿಯ ವಿಧಾನ ಮಾತ್ರ ಬೇರೆ. ನಮ್ಮ ಕುಟುಂಬಗಳಲ್ಲಿ ದಾಕ್ಷಿಣ್ಯಕ್ಕೆ ಸಹಿ ಹಾಕುವ ಪರಿಪಾಠವಿರುವುದರಿಂದ ಈ ಸೂಕ್ಷ್ಮವನ್ನು ಎಲ್ಲರೂ ಅರಿತಿರಬೇಕು.

ಈ ಎರಡನೆಯ ಘಟ್ಟದಲ್ಲಿ ನಷ್ಟದ ಹೊಣೆ ರಾಜ್ಯದಿಂದ ಜಾರಿ ಉದ್ಯಮಿಯ ಮತ್ತು ಅವನ ಬಂಧುಮಿತ್ರರ ಹೆಗಲಿಗೆ ಬಂದಿತು.

ಅಡವಿಲ್ಲದ ನಂಬಿಕೆ

ಬ್ಯಾಂಕುಗಳು ಅಡವು ಕೇಳುವುದು ಕಲ್ಲುಮನಸ್ಸಿನಿಂದಲ್ಲ. ಒಂದು ಸರಳ ಲೆಕ್ಕವನ್ನು ನೋಡೋಣ. ಹತ್ತು ಮಂದಿ ಹೊಸ ಉದ್ಯಮಿಗಳಿಗೆ ತಲಾ ರೂ. 1 ಲಕ್ಷದಂತೆ ಶೇಕಡ 12ರ ಬಡ್ಡಿಗೆ ಒಂದು ವರ್ಷ ಸಾಲ ಕೊಟ್ಟೆವೆಂದು ಭಾವಿಸೋಣ. ಒಬ್ಬನು ಮುಳುಗಿದರೆ ಉಳಿದ ಒಂಬತ್ತು ಮಂದಿಯ ಬಡ್ಡಿ ರೂ. 1,08,000, ಮುಳುಗಿದ ಅಸಲು ರೂ. 1,00,000. ಉಳಿಯುವುದು ರೂ. 8,000 ಮಾತ್ರ. ಇಬ್ಬರು ಮುಳುಗಿದರೆ ಬಡ್ಡಿ ರೂ. 96,000, ನಷ್ಟ ರೂ. 2 ಲಕ್ಷ. ಠೇವಣಿದಾರರ ಹಣವನ್ನು ಕಾಪಾಡಬೇಕಾದ ಬ್ಯಾಂಕು ಇಂತಹ ವ್ಯವಹಾರಕ್ಕೆ ಹೇಗೆ ಇಳಿದೀತು? ಬಡ್ಡಿಗೆ ಮಿತಿಯಿದೆ, ನಷ್ಟಕ್ಕೆ ಮಿತಿಯಿಲ್ಲ. ಪಾಲುದಾರನ ಲೆಕ್ಕ ಬೇರೆ. ಹತ್ತರಲ್ಲಿ ಆರು ಮುಳುಗಿದರೂ ಒಂದು ಉದ್ಯಮ ಇಪ್ಪತ್ತು ಪಟ್ಟು ಬೆಳೆದರೆ ಅವನ ಒಟ್ಟು ಹಣ ಮರಳಿ ಬರುತ್ತದೆ. ಅಪಾಯದ ಉದ್ಯಮಕ್ಕೆ ಸಾಲಕ್ಕಿಂತ ಪಾಲು ಬಂಡವಾಳವೇ ಸೂಕ್ತವೆಂಬುದಕ್ಕೆ ಇದೇ ಆಧಾರ.

1978ರಲ್ಲಿ ಬೆಂಗಳೂರಿನಲ್ಲಿ ರೂ. 10,000 ಬಂಡವಾಳದಿಂದ ಆರಂಭವಾದ ಬಯೋಕಾನ್ ಇದಕ್ಕೆ ಒಳ್ಳೆಯ ನಿದರ್ಶನ. ತರುಣಿಯೆಂಬ ಕಾರಣಕ್ಕೆ, ಜೈವಿಕ ತಂತ್ರಜ್ಞಾನವು ಯಾರೂ ಕೇಳರಿಯದ ವಿಷಯವೆಂಬ ಕಾರಣಕ್ಕೆ, ಅಡವಿಡಲು ಆಸ್ತಿಯಿಲ್ಲವೆಂಬ ಕಾರಣಕ್ಕೆ ಬ್ಯಾಂಕುಗಳು ಹಿಂಜರಿದುದನ್ನು ಅದರ ಸಂಸ್ಥಾಪಕಿ ಕಿರಣ್ ಮಜುಂದಾರ್ ಷಾ ಅವರು ಅನೇಕ ಬಾರಿ ಬಹಿರಂಗವಾಗಿ ಹೇಳಿದ್ದಾರೆ. 1980ರ ದಶಕದ ಕೊನೆಯ ಭಾಗದಲ್ಲಿ, ಆಗ ಅಭಿವೃದ್ಧಿ ಹಣಕಾಸು ಸಂಸ್ಥೆಯಾಗಿದ್ದ ಐಸಿಐಸಿಐ ವಾಘುಳ್ ಅವರ ನೇತೃತ್ವದಲ್ಲಿ ಸಾಹಸ ಬಂಡವಾಳದ ಪದ್ಧತಿಯನ್ನು ಕೈಗೊಂಡಾಗ ಬಯೋಕಾನಿಗೆ ಆ ಬಗೆಯ ನೆರವು ದೊರೆಯಿತು. 1991ರಲ್ಲಿ ರೂಪುಗೊಂಡ ಸಾಫ್ಟ್‌ವೇರ್ ತಂತ್ರಜ್ಞಾನ ಪಾರ್ಕುಗಳ ಸಂಸ್ಥೆಯು ಉಪಗ್ರಹ ಸಂಪರ್ಕವನ್ನು ಹಂಚಿಕೆಯ ಮೇಲೆ ಒದಗಿಸಿ, ಚಿಕ್ಕ ಕಂಪನಿಗಳೂ ವಿದೇಶದ ಕೆಲಸವನ್ನು ಇಲ್ಲಿಂದಲೇ ಮಾಡುವಂತೆ ಮಾಡಿತು. ಇದೂ ರಾಜಾಜಿನಗರದ ಶೆಡ್ಡಿನ ತತ್ತ್ವವೇ. ಒಬ್ಬೊಬ್ಬರೇ ಕೊಳ್ಳಲಾರದುದನ್ನು ಎಲ್ಲರಿಗೂ ಸೇರಿಸಿ ಒದಗಿಸುವುದು.

2000ನೆಯ ಇಸವಿಯಲ್ಲಿ ಕೇಂದ್ರ ಸರ್ಕಾರವೂ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ಬ್ಯಾಂಕೂ ಸೇರಿ ಸಾಲ ಖಾತರಿ ನಿಧಿಯ ಟ್ರಸ್ಟನ್ನು ಸ್ಥಾಪಿಸಿದವು. ಅಡವೂ ಮೂರನೆಯವರ ಜಾಮೀನೂ ಇಲ್ಲದೆ ಬ್ಯಾಂಕು ಸಾಲ ಕೊಟ್ಟರೆ, ಅದು ಮುಳುಗಿದಾಗ ಬ್ಯಾಂಕಿಗೆ ಆಗುವ ನಷ್ಟದ ಬಹುಭಾಗವನ್ನು ಈ ನಿಧಿಯು ತುಂಬಿಕೊಡುತ್ತದೆ. ಖಾತರಿಯ ಮಿತಿಯನ್ನು 2023ರ ಏಪ್ರಿಲ್‌ನಿಂದ ರೂ. 5 ಕೋಟಿಗೂ 2025ರ ಏಪ್ರಿಲ್‌ನಿಂದ ರೂ. 10 ಕೋಟಿಗೂ ಏರಿಸಲಾಯಿತು. 2015ರಲ್ಲಿ ಮುದ್ರಾ ಯೋಜನೆ, 2016ರ ಏಪ್ರಿಲ್‌ನಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಮಹಿಳೆಯರ ಹೊಸ ಉದ್ಯಮಗಳಿಗೆ ರೂ. 10 ಲಕ್ಷದಿಂದ ರೂ. 1 ಕೋಟಿಯವರೆಗೆ ಸಾಲದ ‘ಸ್ಟ್ಯಾಂಡ್‌ಅಪ್ ಇಂಡಿಯಾ’ ಬಂದವು.

ಸ್ಟಾರ್ಟ್‌ಅಪ್ ಇಂಡಿಯಾದ ರೂ. 10,000 ಕೋಟಿಯ ನಿಧಿಯ ಬಗ್ಗೆ ಜನರಲ್ಲಿ ತಪ್ಪು ಕಲ್ಪನೆಯಿದೆ. ಈ ಹಣವು ನೇರವಾಗಿ ಉದ್ಯಮಿಯ ಕೈಗೆ ಹೋಗುವುದಿಲ್ಲ. ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ಬ್ಯಾಂಕು ಅದನ್ನು ಸೆಬಿಯಲ್ಲಿ ನೋಂದಾಯಿತವಾದ ಖಾಸಗಿ ಹೂಡಿಕೆ ನಿಧಿಗಳಿಗೆ ಪಾಲಾಗಿ ಕೊಡುತ್ತದೆ. ಆ ನಿಧಿಗಳು ತಾವು ಪಡೆದುದರ ಕನಿಷ್ಠ ಎರಡು ಪಟ್ಟು ಹಣವನ್ನು ನವೋದ್ಯಮಗಳಲ್ಲಿ ತೊಡಗಿಸಬೇಕು. ಯಾರಿಗೆ ಕೊಡಬೇಕೆಂಬುದನ್ನು ಇಲಾಖೆಯ ಗುಮಾಸ್ತರ ಬದಲು ತಮ್ಮ ಹಣವನ್ನೂ ಹಾಕಿರುವ ಹೂಡಿಕೆದಾರರು ನಿರ್ಧರಿಸಲಿ ಎಂಬುದು ಇದರ ಆಶಯ. 2021ರ ರೂ. 945 ಕೋಟಿಯ ಬೀಜನಿಧಿ ಯೋಜನೆಯಲ್ಲಿ ಆಯ್ದ ಇನ್‌ಕ್ಯುಬೇಷನ್ ಕೇಂದ್ರಗಳ ಮೂಲಕ ಪ್ರಯೋಗದ ಹಂತಕ್ಕೆ ರೂ. 20 ಲಕ್ಷದವರೆಗೆ ಅನುದಾನ, ಮುಂದಿನ ಹಂತಕ್ಕೆ ರೂ. 50 ಲಕ್ಷದವರೆಗೆ ಸಾಲದಂತಹ ನೆರವು ಸೇರಿವೆ. ನಮ್ಮ ರಾಜ್ಯವು 2015ರಲ್ಲಿಯೇ ಸ್ಟಾರ್ಟ್‌ಅಪ್ ನೀತಿಯನ್ನು ಪ್ರಕಟಿಸಿತ್ತು. 2017ರಿಂದ ‘ಎಲಿವೇಟ್’ ಎಂಬ ಸ್ಪರ್ಧೆಯ ಮೂಲಕ ಆಯ್ದವರಿಗೆ ರೂ. 50 ಲಕ್ಷದವರೆಗೆ ಅನುದಾನ ನೀಡುವ ಕ್ರಮವನ್ನು ತಂದಿತು.

ಈ ಮೂರನೆಯ ಘಟ್ಟದಲ್ಲಿ ನಷ್ಟದ ಹೊಣೆ ಯಾರೊಬ್ಬರ ಮೇಲೂ ಪೂರ್ತಿಯಾಗಿ ಬೀಳದೆ ಸಮಸ್ತ ತೆರಿಗೆದಾರರಿಗೆ ಹಂಚಿಹೋಗುತ್ತದೆ. ಬೆಂಕಿಪೊಟ್ಟಣ ಕೊಳ್ಳುವ ಕೂಲಿಯವನೂ ಅದರ ಮೇಲಿನ ತೆರಿಗೆಯ ಮೂಲಕ ಇದರಲ್ಲಿ ಪಾಲುದಾರನೇ.

ವರ್ತಕನ ಧರ್ಮ

ಈ ಶತಮಾನದ ಅನುಭವದಿಂದ ನಾವು ಏನನ್ನು ಗ್ರಹಿಸಬೇಕು? ಮೊದಲನೆಯದಾಗಿ, ಪ್ರಾಮಾಣಿಕವಾಗಿ ಪ್ರಯತ್ನಿಸಿ ಸೋಲುವುದು ಅಪರಾಧವಲ್ಲ. ಹತ್ತರಲ್ಲಿ ಕೆಲವು ಮುಳುಗುತ್ತವೆಂದು ತಿಳಿದೇ ಸಾರ್ವಜನಿಕ ನಿಧಿಯನ್ನು ಇಡಲಾಗಿದೆ. ಸೋತವನನ್ನು ಸಮಾಜವು ಕೀಳಾಗಿ ಕಂಡರೆ ಮುಂದೆ ಯಾರೂ ಹೊಸದಕ್ಕೆ ಕೈಹಾಕಲಾರರು. ಮದುವೆ ಸಂಬಂಧ ನೋಡುವಾಗ “ಆ ಹುಡುಗನ ಕಂಪನಿ ಮುಚ್ಚಿತಂತೆ” ಎಂದು ಪಿಸುಗುಟ್ಟುವ ಮೊದಲು, ಅವನು ಲೆಕ್ಕವನ್ನು ಚೊಕ್ಕವಾಗಿ ಇಟ್ಟು ಕೆಲಸಗಾರರ ಸಂಬಳವನ್ನು ತೀರಿಸಿ ಮುಚ್ಚಿದನೇ ಎಂದು ವಿಚಾರಿಸುವುದು ಹಿರಿಯರಿಗೆ ಶೋಭೆ.

ಎರಡನೆಯದಾಗಿ, ಅಡವಿಲ್ಲದ ಸಾಲವು ತೀರಿಸಬೇಕಿಲ್ಲದ ಸಾಲವಲ್ಲ. ಖಾತರಿ ನಿಧಿಯು ರಕ್ಷಿಸುವುದು ಬ್ಯಾಂಕನ್ನು. ಸಾಲಗಾರನ ಋಣವು ಅದರಿಂದ ತೀರುವುದಿಲ್ಲ, ಅವನ ಮೇಲೆ ವಸೂಲಿಯ ಕ್ರಮವು ಮುಂದುವರಿಯುತ್ತದೆ. ಅರ್ಜಿಗೆ ಸಹಿ ಹಾಕುವ ಮೊದಲು ತರುಣರು ಇದನ್ನು ಸ್ಪಷ್ಟವಾಗಿ ತಿಳಿದಿರಬೇಕು. ಅನುದಾನಕ್ಕಾಗಿ ಉದ್ಯಮವನ್ನು ಕಾಗದದ ಮೇಲೆ ಹುಟ್ಟಿಸುವುದು, ಯಂತ್ರದ ಬೆಲೆಯನ್ನು ಬಿಲ್ಲಿನಲ್ಲಿ ಏರಿಸಿ ತೋರಿಸುವುದು, ಉದ್ಯಮದ ಹೆಸರಿನಲ್ಲಿ ಪಡೆದ ಹಣದಿಂದ ಮನೆ ಕಟ್ಟುವುದು, ಇವುಗಳಿಗೆ ಯಾವ ಹೆಸರಿಟ್ಟರೂ ಅದು ಕಳವೇ. ಆ ಹಣ ಒಬ್ಬ ಸಾಹುಕಾರನದಾಗಿದ್ದರೆ ಅವನೊಬ್ಬನಿಗೆ ಉತ್ತರಿಸಿದರೆ ಸಾಕಾಗುತ್ತಿತ್ತು. ಅದು ಎಲ್ಲರದಾದುದರಿಂದ ಎಲ್ಲರಿಗೂ ಉತ್ತರಿಸಬೇಕು. ಇದಕ್ಕಿಂತ ಕ್ರೂರವಾದ ಪರಿಣಾಮ ಇನ್ನೊಂದಿದೆ. ಒಬ್ಬನು ವಂಚಿಸಿದಾಗ ನಿಯಮಗಳು ಬಿಗಿಯಾಗುತ್ತವೆ; ಮುಂದಿನ ಸಾಲಿನಲ್ಲಿ ನಿಂತಿರುವ ಆಸ್ತಿಯಿಲ್ಲದ ಹುಡುಗಿಗೆ ಮತ್ತೆ ಅಡವಿನ ಪ್ರಶ್ನೆ ಎದುರಾಗುತ್ತದೆ.

ಮೂರನೆಯದಾಗಿ, ಹಣಕ್ಕಿಂತ ಮುಂಚೆ ಬೇಕಾದ ನೆರವು ಬೇರೆ ಇದೆ. ಗಂಧದೆಣ್ಣೆಗೆ ವಿಜ್ಞಾನಿಗಳ ಶ್ರಮ, ರಾಜಾಜಿನಗರಕ್ಕೆ ಶೆಡ್ಡು, ಸಾಫ್ಟ್‌ವೇರಿಗೆ ಉಪಗ್ರಹ ಸಂಪರ್ಕ, ಇವು ನಗದು ರೂಪದವಲ್ಲ. ಖಾಸಗಿ ಹಿರಿಯರೂ ಇಂತಹ ನೆರವನ್ನು ನೀಡಬಲ್ಲರು. ವ್ಯಾಪಾರದಲ್ಲಿ ನಲವತ್ತು ವರ್ಷ ಕಳೆದವರು ಹೊಸಬರ ಕಿರ್ದಿ ಖತಾವಣಿಗಳನ್ನು ತಿಂಗಳಿಗೊಮ್ಮೆ ಕುಳಿತು ನೋಡಿಕೊಟ್ಟರೆ, ಉದ್ರಿ ಎಲ್ಲಿ ಹೆಚ್ಚಿದೆ, ದಾಸ್ತಾನು ಎಲ್ಲಿ ಕೊಳೆಯುತ್ತಿದೆ ಎಂದು ತೋರಿಸಿಕೊಟ್ಟರೆ, ಅದು ಅನೇಕ ಅನುದಾನಗಳಿಗಿಂತ ಮಿಗಿಲು. ಸಂಘಸಂಸ್ಥೆಗಳ ಹಣವನ್ನು ನೋಡಿಕೊಳ್ಳುವವರಿಗೆ ಪರರ ಹಣದ ಲೆಕ್ಕವನ್ನು ಸ್ವಂತದ್ದಕ್ಕಿಂತ ಚೊಕ್ಕವಾಗಿ ಇಡುವ ಅಭ್ಯಾಸವಿರುತ್ತದೆ. ಸಾರ್ವಜನಿಕ ಧನವನ್ನು ಪಡೆದ ತರುಣನು ಕಲಿಯಬೇಕಾದ ಮೊದಲ ಪಾಠವೂ ಅದೇ.

ಸಾಲವೆಂದರೆ ಸಾಲವೆಂದೂ, ಪಾಲೆಂದರೆ ಪಾಲೆಂದೂ, ಅನುದಾನವೆಂದರೆ ಇತರರ ಬೆವರೆಂದೂ ತಿಳಿದು ಸ್ವೀಕರಿಸುವವನಿಗೆ ರಾಜ್ಯದ ನೆರವು ಸಾರ್ಥಕವಾಗುತ್ತದೆ. ಅವನ ಉದ್ಯಮವು ಬೆಳೆದರೆ ನಾಲ್ಕು ಮನೆಗಳ ಒಲೆ ಉರಿಯುತ್ತದೆ. ಬೆಳೆಯದಿದ್ದರೂ ಅವನು ಮುಚ್ಚಿಕೊಟ್ಟ ಲೆಕ್ಕದ ಪುಸ್ತಕವು ಮುಂದಿನವನಿಗೆ ದಾರಿ ತೋರುತ್ತದೆ. ನಮ್ಮ ಮನೆಗಳ ಮಕ್ಕಳು ಈ ಎಚ್ಚರದೊಡನೆ ಹೊಸ ಸಾಹಸಗಳಿಗೆ ಮುಂದಾಗಲಿ, ಹಿರಿಯರು ಅವರ ಬೆನ್ನಿಗೆ ನಿಲ್ಲಲಿ.